ಹತ್ತು ಮನೆಗೆ ಆರು, ಮೇಲೆ ಎಂಟು

ಜಿನನಾಥಪುರದ ಮರುದೇವಿಯನ್ನು ಅಡುಗೆಗೆ ಕರೆಯಲು ಬಂದವರು ಮೊದಲು ಬೆಲ್ಲ, ಬೇಳೆ, ತುಪ್ಪದ ಮಾತೆತ್ತುತ್ತಿದ್ದರು. ಆಕೆ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ, ಎಷ್ಟು ಮನೆಗೆ ಹೇಳಿದ್ದೀರಿ ಎಂದಷ್ಟೇ ಕೇಳುತ್ತಿದ್ದಳು. ನೂರು ಮನೆ ಎಂದರೆ ಅರೆಗಳಿಗೆಯೂ ತಡೆಯದೆ ಅರವತ್ತೆಂಟು ಸೇರು ಅಕ್ಕಿ ತನ್ನಿ ಎನ್ನುತ್ತಿದ್ದಳು. ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಡುಗೆಯವನು ಅಂದಮೇಲೆ ಒಂದು ಹೊಟ್ಟೆ ಇರಬೇಕು, ಹೆಗಲ ಮೇಲೆ ಚೌಕ ಇರಬೇಕು, ತಲೆ ಕೆರೆದುಕೊಂಡು ನಾಲ್ಕು ನಿಮಿಷ ಯೋಚಿಸುವ ಗತ್ತಾದರೂ ಇರಬೇಕು. ಇಪ್ಪತ್ತೈದರ ಆಸುಪಾಸಿನ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೀಗೆ ಒಂದೇಟಿಗೆ ಹೇಳಿಬಿಟ್ಟರೆ ನಂಬುವುದು ಹೇಗೆ? ಆದರೂ ನಂಬುತ್ತಿದ್ದರು. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಜೈನರ ಮನೆಗಳಲ್ಲಿ ಮರುದೇವಿ ಅಳೆಸಿದ ಅಕ್ಕಿ ಹೆಚ್ಚಾಯಿತು ಎಂದವರಿಲ್ಲ, ಸಾಲದಾಯಿತು ಎಂದವರೂ ಇಲ್ಲ.

ಇದೇನು ಮಹಾ ಎನ್ನಬೇಡಿ. ಬೇರೆಯವರ ಮನೆಯಲ್ಲಿ ಅನ್ನ ಸಾಲದಿದ್ದರೆ ಇನ್ನೊಂದು ಒಲೆ ಹಚ್ಚಿದರಾಯಿತು, ಮಿಕ್ಕರೆ ಬೆಳಿಗ್ಗೆ ಚಿತ್ರಾನ್ನವಾಯಿತು. ಜೈನರ ಮನೆಯಲ್ಲಿ ಈ ಎರಡು ಬಾಗಿಲೂ ಮುಚ್ಚಿವೆ. ಹೊತ್ತು ಮುಳುಗಿದ ಮೇಲೆ ಬೇಯಿಸುವಂತಿಲ್ಲ, ಉಣ್ಣುವಂತಿಲ್ಲ. ರಾತ್ರಿ ಕಳೆದ ಅನ್ನವನ್ನು ಮುಟ್ಟುವಂತೆಯೂ ಇಲ್ಲ. ಹಾಸನದ ಸುತ್ತ ಆಲೂಗಡ್ಡೆ ರಾಶಿ ರಾಶಿಯಾಗಿ ಬೆಳೆದರೂ ನೆಲದೊಳಗಿನದು ಎಂಬ ಕಾರಣಕ್ಕೆ ಹೊಸ್ತಿಲು ದಾಟಲಾಗದ ಅಡುಗೆಮನೆ ಅದು. ಹಾಗಾಗಿ ಅಕ್ಕಿಯ ಲೆಕ್ಕ ಒಂದೇ ಸಲ, ಬೆಳಿಗ್ಗೆಯೇ, ಸರಿಯಾಗಿ ಆಗಬೇಕು. ‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎನ್ನುವ ಮನೆ ಯಜಮಾನರನ್ನು ಕೇಳಿಕೊಂಡು ಮಾಡುವ ಲೆಕ್ಕವಂತೂ ಅಲ್ಲ.

ಮರುದೇವಿಗೆ ಮುಂಚೆ ಈ ಲೆಕ್ಕವನ್ನು ಇಬ್ಬರು ಮಾಡುತ್ತಿದ್ದರು. ಒಬ್ಬರು ಅವಳ ಅಪ್ಪ ಆದಿರಾಜಯ್ಯ, ಇನ್ನೊಬ್ಬರು ಅಪ್ಪನ ತಮ್ಮ ನಾಗಕುಮಾರ. ಅಣ್ಣ ಒಲೆಯ ಮುಂದಿನವರು, ತಮ್ಮ ಹೊರಗೆ ಓಡಾಡುವವನು. ಮದುವೆ ಮನೆಯವರು ಎಷ್ಟು ಮನೆಗೆ ಹೇಳಿದ್ದಾರೆ ಎಂಬುದನ್ನು ಕೇಳಿ ಎಲೆಯ ಲೆಕ್ಕ ತರುವುದು ನಾಗಕುಮಾರನ ಕೆಲಸ. ಮನೆಗೆ ಮೂರು ಎಲೆ, ಅದರ ಮೇಲೆ ಹೇಳದೆ ಬರುವ ದಾರಿಹೋಕರಿಗೆಂದು ಇಪ್ಪತ್ತು ಎಲೆ. ಎಲೆಯನ್ನು ಅಕ್ಕಿ ಮಾಡುವುದು ಆದಿರಾಜಯ್ಯನ ಕೆಲಸ. ಐದು ಎಲೆಗೆ ಒಂದು ಸೇರು, ಅದರ ಮೇಲೆ ಪಾತ್ರೆಯ ತಳಕ್ಕೆ, ಕೆಲಸದವರ ಹೊಟ್ಟೆಗೆ ಎಂದು ನಾಲ್ಕು ಸೇರು. ನೂರು ಮನೆಯೆಂದರೆ ತಮ್ಮ ಬಂದು ಮುನ್ನೂರಿಪ್ಪತ್ತು ಎಲೆ ಎನ್ನುತ್ತಿದ್ದ, ಅಣ್ಣ ಅರವತ್ತೆಂಟು ಸೇರು ಎನ್ನುತ್ತಿದ್ದರು. ತಮ್ಮನಿಗೆ ಸೇರಿನ ಗೊಡವೆಯಿಲ್ಲ, ಅಣ್ಣನಿಗೆ ಮನೆಗಳ ಗೊಡವೆಯಿಲ್ಲ. ಇಬ್ಬರ ನಡುವೆ ಎಲೆ ಓಡಾಡುತ್ತಿತ್ತು, ಅಷ್ಟೆ. ಹೀಗೇ ಹದಿನೈದು ವರ್ಷ ನಡೆದಿತ್ತು.

ಕೆಟ್ಟದ್ದು ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಹೊಳೆನರಸೀಪುರದ ಒಂದು ಮದುವೆಯಲ್ಲಿ. ನಾಗಕುಮಾರ ಅರಕಲಗೂಡಿನಿಂದ ಬರಬೇಕಾಗಿತ್ತು, ಬಸ್ಸು ದಾರಿಯಲ್ಲಿ ಕೆಟ್ಟು ಕೂತಿತು. ಇತ್ತ ನೀರು ಕುದಿಯುತ್ತಿದೆ, ಸೂರ್ಯ ಯಾರಿಗೂ ಕಾಯುವವನಲ್ಲ. ಆದಿರಾಜಯ್ಯ ಹೆಣ್ಣಿನ ಮನೆಯವರನ್ನೇ ಕೇಳಿದರು. ನೂರು ಮನೆ ಎಂದರು. ತಮ್ಮ ಬಂದ ಮೇಲೆ ಸರಿಮಾಡಿಕೊಂಡರಾಯಿತು ಎಂದು ಅವರು ಆ ನೂರಕ್ಕೇ ಸೇರಿನ ಲೆಕ್ಕ ಹಾಕಿದರು. ಐದಕ್ಕೊಂದರಂತೆ ಇಪ್ಪತ್ತು, ಮೇಲೆ ನಾಲ್ಕು, ಒಟ್ಟು ಇಪ್ಪತ್ತನಾಲ್ಕು ಸೇರು ತೆಗೆಸಿ ನೆನೆಹಾಕಿಸಿದರು. ನಾಗಕುಮಾರ ಬೆವರು ಒರೆಸಿಕೊಳ್ಳುತ್ತ ಓಡಿಬಂದಾಗ, ನನ್ನದು ಆಗಿದೆ, ಇನ್ನು ನಿನ್ನ ಲೆಕ್ಕ ಸೇರಿಸು ಎಂದರು. ತಮ್ಮ ಸೇರಿಸಿದ. ಇಪ್ಪತ್ತನಾಲ್ಕನ್ನು ಮೂರರಿಂದ ಗುಣಿಸಿ, ಅದರ ಮೇಲೆ ಇಪ್ಪತ್ತು ಹಾಕಿ, ಉಗ್ರಾಣದವನಿಗೆ ತೊಂಬತ್ತೆರಡು ಸೇರು ಎಂದು ಕೂಗಿ ಹೇಳಿದ.

ಯಾರಿಗೂ ಅನುಮಾನ ಬರಲಿಲ್ಲ. ಅಣ್ಣನ ಲೆಕ್ಕವೂ ಆಗಿತ್ತು, ತಮ್ಮನ ಲೆಕ್ಕವೂ ಆಗಿತ್ತು, ಇನ್ನೇನು ಬೇಕು? ಸಂಜೆ ಹೊತ್ತಿಗೆ ಹನ್ನೆರಡು ಸೇರಿನ ಎರಡು ಕೊಪ್ಪರಿಗೆ ಅನ್ನ ಮುಟ್ಟದೆ ಉಳಿದಿತ್ತು. ಹೊತ್ತು ಮುಳುಗುವ ಮುಂಚೆ ಹೊಳೆಯಾಚೆಯ ಕೇರಿಗಳಿಗೆ ಓಡಿ ಕರೆದರು. ಒಂದಷ್ಟು ಜನ ಬಂದು ಹೊತ್ತುಕೊಂಡು ಹೋದರು. ಮಿಕ್ಕಿದ್ದು ದನಕ್ಕೆ ಹೋಯಿತು. ಅನ್ನ ಚೆಲ್ಲಿದ ಕೈ ಎಂಬ ಮಾತು ಬೀಗರ ಬಾಯಿಂದ ಬಂತು. ಆದಿರಾಜಯ್ಯ ಅದುವರೆಗೆ ಅಂಥ ಮಾತು ಕೇಳಿದವರಲ್ಲ. ಮನೆಗೆ ಬರುವ ಬಸ್ಸಿನಲ್ಲಿ ಅಣ್ಣ ಮುಂದಿನ ಸೀಟಿನಲ್ಲಿ ಕೂತರು, ತಮ್ಮ ಹಿಂದಿನ ಸೀಟಿನಲ್ಲಿ ಕೂತ.

ಮರುದೇವಿ ಆಗ ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಗಣಿತದ ಮೇಷ್ಟ್ರು ಹುಚ್ಚಯ್ಯನವರು ಆ ವರ್ಷ ಒಂದು ಸೂತ್ರದೊಳಗೆ ಇನ್ನೊಂದು ಸೂತ್ರವನ್ನು ಕೂರಿಸುವುದನ್ನು ಕಲಿಸಿದ್ದರು. ಎಕ್ಸ್ ಕೊಟ್ಟರೆ ವೈ ಬರುತ್ತದೆ, ಆ ವೈ ಕೊಟ್ಟರೆ ಝಡ್ ಬರುತ್ತದೆ. ಹಾಗಾದರೆ ನಡುವಿನ ವೈ ಇಲ್ಲದೆ ಎಕ್ಸ್‌ನಿಂದ ನೇರವಾಗಿ ಝಡ್‌ಗೆ ಹೋಗುವುದು ಹೇಗೆ? ವೈ ಇರುವ ಜಾಗದಲ್ಲಿ ಅದರ ಎಕ್ಸ್ ರೂಪವನ್ನೇ ಕಂಸ ಹಾಕಿ ಇಡಿ, ಆಮೇಲೆ ಬಿಡಿಸಿ ಎನ್ನುತ್ತಿದ್ದರು. ಯಾವುದನ್ನು ಯಾವುದರೊಳಗೆ ಇಡುತ್ತೀರಿ ಎನ್ನುವುದರ ಮೇಲೆ ಕಣ್ಣಿರಲಿ ಎಂದು ಮೇಜು ಕುಟ್ಟಿ ಹೇಳುತ್ತಿದ್ದರು. ಭತ್ತ ಮೊದಲು ಅಕ್ಕಿ ಮಿಲ್ಲಿಗೆ ಹೋಗಬೇಕು, ಆಮೇಲೆ ಹಿಟ್ಟಿನ ಮಿಲ್ಲಿಗೆ. ಎರಡು ಮಿಲ್ಲೂ ಚೆನ್ನಾಗಿವೆ ಎಂದುಕೊಂಡು ತಿರುಗಾಮುರುಗಾ ಹೋದವನು ಮನೆಯಲ್ಲಿ ತೌಡಿನ ರೊಟ್ಟಿ ತಿನ್ನುತ್ತಾನೆ. ಹುಡುಗರು ನಗುತ್ತಿದ್ದರು. ಮರುದೇವಿಗೆ ಮಾತ್ರ ಆ ಪಾಠ ನಗೆಯಾಗಿ ಉಳಿಯಲಿಲ್ಲ. ಮನೆಯಲ್ಲಿ ಎರಡು ಮಿಲ್ಲುಗಳನ್ನು ನೋಡುತ್ತಲೇ ಬೆಳೆದವಳು ಅವಳು.

ರಜೆಗೆ ಊರಿಗೆ ಬಂದಾಗ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ನಡೆದದ್ದನ್ನು ಅಮ್ಮನ ಬಾಯಿಂದ ಕೇಳಿದವಳೇ ಜಗುಲಿಯ ಮೇಲೆ ಇದ್ದಿಲು ಹಿಡಿದು ಕೂತಳು. ಚಿಕ್ಕಪ್ಪನ ಲೆಕ್ಕವನ್ನು ಅಪ್ಪನ ಲೆಕ್ಕದೊಳಗೆ ಇಟ್ಟಳು. ಮನೆಗಳ ಸಂಖ್ಯೆಯ ಮೂರರಷ್ಟು, ಮೇಲೆ ಇಪ್ಪತ್ತು, ಅಷ್ಟನ್ನೂ ಐದರಿಂದ ಭಾಗಿಸಿ ಮೇಲೆ ನಾಲ್ಕು. ಬಿಡಿಸಿದಾಗ ಮನೆಯ ಐದರಲ್ಲಿ ಮೂರು ಪಾಲು, ಅಂದರೆ ಹತ್ತು ಮನೆಗೆ ಆರು ಸೇರು, ಮೇಲೆ ಎಂಟು ಎಂದು ಬಂತು. ಆಮೇಲೆ ಹೊಳೆನರಸೀಪುರದಲ್ಲಿ ಆದ ಹಾಗೆ ಅಪ್ಪನ ಲೆಕ್ಕವನ್ನು ಚಿಕ್ಕಪ್ಪನ ಲೆಕ್ಕದೊಳಗೆ ಇಟ್ಟಳು. ಮನೆಯ ಐದರಲ್ಲಿ ಒಂದು ಪಾಲು, ಮೇಲೆ ನಾಲ್ಕು, ಅಷ್ಟನ್ನೂ ಮೂರರಿಂದ ಗುಣಿಸಿ ಮೇಲೆ ಇಪ್ಪತ್ತು. ಇದೂ ಐದರಲ್ಲಿ ಮೂರು ಪಾಲೇ. ಆದರೆ ಮೇಲಿನದು ಎಂಟಲ್ಲ, ಮೂವತ್ತೆರಡು. ವ್ಯತ್ಯಾಸ ಇಪ್ಪತ್ತನಾಲ್ಕು. ಹನ್ನೆರಡು ಸೇರಿನ ಎರಡು ಕೊಪ್ಪರಿಗೆ ಅವಳ ಮುಂದೆ ಇದ್ದಿಲಿನಲ್ಲಿ ಬಂದು ನಿಂತಿದ್ದವು. ತಪ್ಪು ಎಲ್ಲಿದೆ ಎಂದು ಇಷ್ಟು ಚೊಕ್ಕವಾಗಿ ತೋರಿಸಬಹುದು ಎಂಬುದೇ ಅವಳಿಗೊಂದು ಹಬ್ಬವಾಯಿತು.

ಅಪ್ಪನನ್ನೂ ಚಿಕ್ಕಪ್ಪನನ್ನೂ ಕೂರಿಸಿಕೊಂಡು ಹೇಳಿದಳು. ಇಬ್ಬರ ಲೆಕ್ಕವೂ ಸರಿಯಾಗಿದೆ, ಯಾರದು ಮೊದಲು ಯಾರದು ಆಮೇಲೆ ಎಂಬುದೊಂದೇ ತಪ್ಪಿದೆ. ಎಲೆಗೆ ಕೂಡಿಸಬೇಕಾದ ಇಪ್ಪತ್ತನ್ನು ಸೇರಿಗೆ ಕೂಡಿಸಿದಿರಿ, ಒಂದೇ ಸಲ ಹಾಕಬೇಕಾದ ನಾಲ್ಕು ಸೇರನ್ನು ಮೂರು ಸಲ ಹಾಕಿದಿರಿ. ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು, ಪಾಪ. ಇಬ್ಬರೂ ಸರಿ ಎಂಬ ತೀರ್ಪು ಅಣ್ಣತಮ್ಮಂದಿರಿಗೆ ಯಾವ ಕಾಲಕ್ಕೂ ಹಿಡಿಸಿದ್ದಿಲ್ಲ. ಹಾಗಾದರೆ ಸರದಿ ತಪ್ಪಿಸಿದವನು ಯಾರು ಎಂದು ಅಪ್ಪ ಕೇಳಿದರು. ಕಾಯದೆ ಅಕ್ಕಿ ತೆಗೆಸಿದವನು ಎಂದ ಚಿಕ್ಕಪ್ಪ. ತಡವಾಗಿ ಬಂದವನು ಎಂದರು ಅಪ್ಪ. ಅಲ್ಲಿಂದ ಮಾತು ಹಳೆಯ ಹೊಲದ ಬದುವಿಗೆ ಹೋಯಿತು, ಅಲ್ಲಿಂದ ಸತ್ತ ತಾಯಿಯ ಒಡವೆಗೆ ಹೋಯಿತು. ತಿಂಗಳೊಳಗೆ ನಾಗಕುಮಾರ ಹೆಂಡತಿಯ ತವರಾದ ಬಾಗೂರಿಗೆ ಹೋಗಿ ಧಾನ್ಯದ ಅಂಗಡಿ ಇಟ್ಟುಕೊಂಡ.

ಮುಂದಿನ ಮದುವೆ ಅರಕಲಗೂಡಿನಲ್ಲಿ. ಆದಿರಾಜಯ್ಯ ಹೊರಡುವ ಹಿಂದಿನ ದಿನ ತಲೆ ಮೇಲೆ ಕೈಹೊತ್ತು ಕೂತಿದ್ದರು. ಮನೆಯ ಲೆಕ್ಕದಿಂದ ಎಲೆ ಮಾಡುವುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಹದಿನೈದು ವರ್ಷ ಕೇಳಿದ್ದರು. ಆದರೆ ತಮ್ಮನ ಬಾಯಿಂದ ಬಂದ ಲೆಕ್ಕವನ್ನು ತಾವು ಆಡುವುದಿಲ್ಲ ಎಂದು ಹಟ ಹಿಡಿದಿದ್ದರು. ಮರುದೇವಿ ಹೇಳಿದಳು, ಎಲೆಯ ಮಾತೇ ಬೇಡ ಅಪ್ಪ, ನಾನೊಂದು ಲೆಕ್ಕ ಮಾಡಿದ್ದೇನೆ, ಹತ್ತು ಮನೆಗೆ ಆರು ಸೇರು ತೆಗೆಯಿರಿ, ಕೊನೆಗೆ ಮೇಲೆ ಎಂಟು ಸೇರು ಹಾಕಿ. ಅದರಲ್ಲಿ ಎಲೆಯೂ ಇರಲಿಲ್ಲ, ತಮ್ಮನ ಹೆಸರೂ ಇರಲಿಲ್ಲ. ಅಪ್ಪ ಒಪ್ಪಿಕೊಂಡರು. ಅರಕಲಗೂಡಿನಲ್ಲಿ ಅನ್ನ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ನನ್ನ ಮಗಳ ಲೆಕ್ಕ ಎಂದು ಅವರು ಹಾಸನದವರೆಗೂ ಹೇಳಿಕೊಂಡು ಬಂದರು. ಅದರೊಳಗೆ ಇರುವುದು ನಿಮ್ಮಿಬ್ಬರದೇ ಎಂದು ಮಗಳು ಹೇಳಬಹುದಾಗಿತ್ತು. ಹೇಳಿದರೆ ಅಪ್ಪ ಆ ಲೆಕ್ಕವನ್ನು ಬಿಟ್ಟುಬಿಡುತ್ತಾರೆ ಎಂದು ಸುಮ್ಮನಿದ್ದಳು. ಮರುದೇವಿ ಲೆಕ್ಕ ಎಂದು ಜನ ಕರೆಯುವುದು ಕಿವಿಗೆ ಹಿತವಾಗಿತ್ತು ಎನ್ನುವುದೂ ನಿಜ.

ವರ್ಷಗಳು ಸರಿದವು. ಮರುದೇವಿ ಜೀವಂಧರನನ್ನು ಮದುವೆಯಾದಳು. ಮೊಸಳೆ ಎಂಬ ಊರಿನ ಕಡೆಯಿಂದ ಮನೆಅಳಿಯನಾಗಿ ಬಂದ ಸಾಧು ಮನುಷ್ಯ ಅವನು. ಸೌದೆ ಸೀಳುವುದರಲ್ಲೂ ನೀರು ಸೋಸುವುದರಲ್ಲೂ ಅವನ ಸಮ ಇರಲಿಲ್ಲ, ಬಾಯಿ ತೆರೆಯುತ್ತಿದ್ದದ್ದು ಮಾತ್ರ ಊಟಕ್ಕೆ. ಅರವತ್ತನಾಲ್ಕನೆಯ ಇಸವಿಯ ಹೊತ್ತಿಗೆ ಆದಿರಾಜಯ್ಯನ ಕೈ ನಡುಗತೊಡಗಿತು. ಸೌಟು ಮರುದೇವಿಯ ಕೈಗೆ ಬಂತು. ಹೆಂಗಸು ಕೊಪ್ಪರಿಗೆಯ ಮುಂದೆ ಯಜಮಾನಿಕೆ ಮಾಡುವುದೇ ಎಂದು ಹಾಸನದ ಒಂದಿಬ್ಬರು ಮೂಗೆಳೆದರು. ಆಕೆಯ ಮಜ್ಜಿಗೆ ಹುಳಿ ಉಂಡ ಮೇಲೆ ಎಳೆದ ಮೂಗು ಸರಿಯಾಯಿತು. ಸರ್ಕಾರ ಸೇರನ್ನು ಕೈಬಿಟ್ಟು ಕೆಜಿ ತಂದಿತ್ತು. ಆದರೆ ಕೊಪ್ಪರಿಗೆಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ, ಅವು ಸೇರನ್ನೇ ನುಂಗುತ್ತಿದ್ದವು.

ಅರವತ್ತೇಳರಲ್ಲಿ ಪಕ್ಕದ ಬೆಳಗೊಳದ ಬೆಟ್ಟದಲ್ಲಿ ಮಹಾಮಸ್ತಕಾಭಿಷೇಕ. ಆ ದಿನಗಳಲ್ಲೇ ಜಿನನಾಥಪುರದ ಹಿರಿಮನೆಯವರು ಬಸದಿಯ ಪಕ್ಕದ ಬಯಲಿನಲ್ಲಿ ಒಂದು ದಿನದ ಊಟ ಇಟ್ಟುಕೊಂಡರು. ಎಂಬತ್ತು ಮನೆಗೆ ಹೇಳಿದ್ದರು. ಬಂದವರನ್ನು ಬೇಡ ಎನ್ನುವಂತಿಲ್ಲ, ಯಾರೂ ಹಸಿದು ಹೋಗಬಾರದು, ಹಾಗೆಯೇ ಒಂದು ಅಗುಳೂ ವ್ಯರ್ಥವಾಗಬಾರದು ಎಂದು ಅಪ್ಪಣೆ ಮಾಡಿದರು. ತನ್ನ ಸ್ವಂತ ಊರಿನಲ್ಲಿ, ದೇಶದ ಜನವೆಲ್ಲ ಬಂದಿರುವಾಗ, ಮರುದೇವಿಯ ಕೈಗೆ ಬಂದ ಮೊದಲ ಊಟ ಅದು. ಇಲ್ಲಿ ಎಡವಿದರೆ ಅಪ್ಪನಿಗೆ ಹೊಳೆನರಸೀಪುರದಲ್ಲಿ ಅಂಟಿದ ಮಾತು ಮಗಳಿಗೂ ಅಂಟುತ್ತಿತ್ತು. ಮೂಗೆಳೆದವರು ಎರಡನೆಯ ಸಲ ಸರಿಯಾಗುತ್ತಿರಲಿಲ್ಲ.

ಎಂಬತ್ತು ಮನೆಗೆ ನಲವತ್ತೆಂಟು, ಮೇಲೆ ಎಂಟು, ಐವತ್ತಾರು ಸೇರು. ಬಾಯಿಗೆ ತಾನಾಗಿಯೇ ಬಂತು. ಹೇಳಿ ಮುಗಿಸಿ ಬೀದಿಗೆ ಬಂದು ನೋಡಿದಳು. ಬೆಳಗೊಳದ ದಾರಿಯಲ್ಲಿ ಜನ ಇರುವೆಸಾಲು ಹರಿದ ಹಾಗೆ ಬರುತ್ತಿದ್ದರು. ಕಚ್ಚೆಪಂಚೆಯವರು, ಗುಜರಾತಿನವರು, ತಮಿಳುನಾಡಿನವರು. ನಾಲ್ಕು ಹೆಜ್ಜೆ ಒಳಗೆ ಹೋಗಿ ಮತ್ತೆ ಹೊರಗೆ ಬಂದಳು. ಆರರ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ, ಹೇಳಿದ ಮನೆಯವರು ಯಾವತ್ತಿನಂತೆ ಮನೆಗೆ ಮೂವರೇ ಬರುತ್ತಾರೆ. ಕೈಕೊಡುವುದು ಎಂಟು. ಎಂಟರಲ್ಲೂ ಪಾತ್ರೆಯ ತಳದ ನಾಲ್ಕಲ್ಲ, ಇನ್ನೊಂದು ನಾಲ್ಕು. ಅದು ಚಿಕ್ಕಪ್ಪನ ಇಪ್ಪತ್ತೆಲೆ ಕರಗಿ ಆದ ನಾಲ್ಕು. ಈ ಸಲ ದಾರಿಹೋಕರು ಇಪ್ಪತ್ತಲ್ಲ. ಎಷ್ಟು? ಅದಕ್ಕೆ ಯಾವ ಬೀಜಗಣಿತದಲ್ಲೂ ಉತ್ತರವಿಲ್ಲ. ಎಷ್ಟೆಂದು ಗೊತ್ತಾದರೆ ಅದನ್ನು ಎಲ್ಲಿ ಕೂರಿಸಬೇಕು ಎಂದು ಗೊತ್ತಿತ್ತು. ಗೊತ್ತುಮಾಡಿಕೊಳ್ಳುವ ಕಣ್ಣು ಬಾಗೂರಿನಲ್ಲಿತ್ತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹತ್ತಿದಳು. ಚನ್ನರಾಯಪಟ್ಟಣದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಬಾಗೂರು ಸೇರಿದಾಗ ನಾಗಕುಮಾರ ಅಂಗಡಿಯಲ್ಲಿ ಹುರುಳಿಯ ಚೀಲದ ಬಾಯಿ ಬಿಚ್ಚುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಣ್ಣನ ಮಗಳನ್ನು ಕಂಡು ಮುಖ ಅರಳಿತು, ಬಂದ ಕಾರಣ ಕೇಳಿದ ಮೇಲೆ ಮುದುಡಿತು. ಒಂಬತ್ತು ವರ್ಷ ಮನಸ್ಸಿನೊಳಗೆ ಕುದ್ದದ್ದನ್ನೆಲ್ಲ ಹೊರಗೆ ಹಾಕಿದ. ಅಣ್ಣ ಬೈದದ್ದು ಅವನಿಗೆ ನೋವಾಗಿರಲಿಲ್ಲವಂತೆ, ಅಣ್ಣತಮ್ಮಂದಿರೆಂದರೆ ಬೈಗುಳ ಇದ್ದದ್ದೇ. ಮರುದೇವಿ ಲೆಕ್ಕದ ಸುದ್ದಿ ಬಾಗೂರು ಸಂತೆಗೆ ಬಂದಾಗ ನೋವಾಯಿತಂತೆ.

"ನಿಂದೊಂದೇ ಸೂತ್ರ ಐತಲ್ಲವ್ವ, ಹತ್ತು ಮನೆಗೆ ಆರು, ಮ್ಯಾಲೆ ಎಂಟು. ಅದ್ರಾಗೆ ನನ್ನ ಎಲೆ ಎಲ್ಲೋಯ್ತು? ಹದಿನೈದು ವರ್ಸ ಊರೂರು ಸುತ್ತಿದ್ದು ನಾನು. ಒಂದ್ ಗೀಟು ಎಳೆದು ನನ್ನ ಒರೆಸಾಕ್ಬುಟ್ರಿ" ಎಂದ.

ಮರುದೇವಿಗೆ ಕಣ್ಣಲ್ಲಿ ನೀರು ಬಂತು. ಅಳುವುದಕ್ಕೆ ಪುರಸೊತ್ತಿಲ್ಲದ ಹೆಂಗಸು ಆಕೆ, ಸೆರಗಿನಲ್ಲಿ ಒರೆಸಿಕೊಂಡು ಚೀಲಕ್ಕೆ ಕೈಹಾಕಿ ಎಂಟು ಹುರುಳಿಕಾಳು ತೆಗೆದು ತಕ್ಕಡಿಯ ತಟ್ಟೆಯ ಮೇಲಿಟ್ಟಳು. ನಾಲ್ಕನ್ನು ಒಂದು ಕಡೆ ಸರಿಸಿದಳು, ನಾಲ್ಕನ್ನು ಚಿಕ್ಕಪ್ಪನ ಕಡೆ ತಳ್ಳಿದಳು.

"ಈ ನಾಕು ಅಪ್ಪನ್ದು, ಪಾತ್ರೆ ತಳಕ್ಕೆ. ಈ ನಾಕು ನಿಮ್ದು. ಐದೆಲೆಗೆ ಸೇರು ಅಂದ್ರೆ ನಿಮ್ಮ ಇಪ್ಪತ್ತೆಲೆಗೆ ನಾಕು ಸೇರು ತಾನೆ? ಎಲೆ ಎಲ್ಲೂ ಓಗಿಲ್ಲ ಚಿಕ್ಕಪ್ಪ, ಸೇರಾಗೈತೆ ಅಷ್ಟೆ. ಆರು ಅಂತೀನಲ್ಲ, ಅದೂ ನೀವು ಮನೆಗೆ ಮೂರು ಅಂದಿದ್ದಕ್ಕೆ ಆರಾಗಿದ್ದು. ಒಂಬತ್ತು ವರ್ಸದಾಗೆ ನಿಮ್ಮನ್ನ ಬಿಟ್ಟು ಒಂದು ಊಟಕ್ಕೂ ನಾನು ಅಕ್ಕಿ ಅಳೆಸಿಲ್ಲ. ನಿಮ್ಮೆಸರು ಏಳ್ಲಿಲ್ಲ, ಅದು ನನ್ನ ತಪ್ಪು. ಈಗ ಈ ನಾಕು ಸಾಲಕ್ಕಿಲ್ಲ. ಎಷ್ಟಾಗ್ಬೇಕು ಅಂತ ನಂಗೆ ಗೊತ್ತಾಗಾಕಿಲ್ಲ, ನಿಮ್ಗಾಗ್ತದೆ."

ನಾಗಕುಮಾರ ಆ ನಾಲ್ಕು ಕಾಳುಗಳನ್ನು ಆಯ್ದು ಅಂಗೈಗೆ ಎತ್ತಿಕೊಂಡ. ಆಮೇಲೆ ಇದ್ದ ಗಿರಾಕಿಯನ್ನು ಹೆಂಡತಿಗೆ ಒಪ್ಪಿಸಿ, ಗೂಟದಲ್ಲಿದ್ದ ಕೋಟು ತೆಗೆದುಕೊಂಡ.

ಜಿನನಾಥಪುರಕ್ಕೆ ಬಂದವನು ಮನೆಗೆ ಹೋಗಲಿಲ್ಲ. ಬೆಳಗೊಳದ ಧರ್ಮಶಾಲೆ, ಕೊಳದ ದಂಡೆ, ಬಸ್ಸು ನಿಲ್ಲುವ ಜಾಗ, ಬೆಟ್ಟದ ಬುಡ, ಎಲ್ಲ ಕಡೆಯೂ ಓಡಾಡಿದ. ಜನರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಪಾತ್ರೆ ಗಂಟು ಹಿಡಿದವರು ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಾರೆ, ಬರಿಗೈಯವರು ಊಟದ ಮನೆ ಹುಡುಕುತ್ತಾರೆ ಎಂಬುದು ಅವನ ಶಾಸ್ತ್ರ. ಬೆಳಿಗ್ಗೆ ಬೆಟ್ಟ ಹತ್ತಿದವರು ಮಧ್ಯಾಹ್ನ ಇಳಿದು, ಶಾಂತಿನಾಥ ಬಸದಿ ನೋಡಲೆಂದು ಈ ಕಡೆಗೇ ಬರುತ್ತಾರೆ ಎಂದೂ ಕೇಳಿ ತಿಳಿದುಕೊಂಡ. ಸಂಜೆ ಮರುದೇವಿಯ ಹತ್ತಿರ ಬಂದು, ಇಪ್ಪತ್ತಲ್ಲ, ಇನ್ನೂರು ಎಲೆ ಎಂದ.

ಮರುದೇವಿ ಇನ್ನೂರನ್ನು ಇಪ್ಪತ್ತು ಇದ್ದ ಜಾಗದಲ್ಲಿ ಕೂರಿಸಿದಳು. ಐದಕ್ಕೊಂದರಂತೆ ನಲವತ್ತು, ಅಪ್ಪನ ನಾಲ್ಕು, ಮೇಲಿನದು ಎಂಟರ ಬದಲು ನಲವತ್ತನಾಲ್ಕು. ಮನೆಗಳ ನಲವತ್ತೆಂಟು ಸೇರಿಸಿದರೆ ತೊಂಬತ್ತೆರಡು ಸೇರು. ಬಾಯಿಬಿಟ್ಟು ಹೇಳಿದ ಮೇಲೆ ಅವಳಿಗೇ ಆ ಸಂಖ್ಯೆ ಕೇಳಿಸಿತು.

ಒಲೆಯ ಪಕ್ಕದ ಮಣೆಯ ಮೇಲೆ ಕೂತಿದ್ದ ಆದಿರಾಜಯ್ಯನಿಗೂ ಕೇಳಿಸಿತು. ಹೊಳೆನರಸೀಪುರದಲ್ಲಿ ಉಗ್ರಾಣದವನಿಗೆ ಕೂಗಿ ಹೇಳಿದ ಸಂಖ್ಯೆಯೇ ಅದು. ಒಂಬತ್ತು ವರ್ಷ ಅವರು ಆ ಸಂಖ್ಯೆಯನ್ನು ಬಾಯಲ್ಲಿ ಆಡಿದವರಲ್ಲ. ಗೋಡೆ ಹಿಡಿದುಕೊಂಡು ಎದ್ದರು. ನಾಗಕುಮಾರ ಬಾಗಿಲಲ್ಲಿ ನಿಂತಿದ್ದ, ಅವನ ಕಡೆ ನೋಡದೆ ಮಗಳಿಗೆ ಬೇಡ ಎಂದರು. ನಿನ್ನ ಲೆಕ್ಕದಂತೆ ಐವತ್ತಾರು ಮಾಡು, ಅವನ ಮಾತು ಕೇಳಿ ಮತ್ತೆ ಅನ್ನ ಚೆಲ್ಲುವುದು ಬೇಡ ಎಂದರು.

ಮರುದೇವಿ ಸೌಟು ಕೆಳಗಿಟ್ಟು ಅಪ್ಪನ ಮುಂದೆ ನಿಂತಳು.

"ನನ್ನ ಲೆಕ್ಕ ಅಂಬೋದು ಇಲ್ವೇ ಇಲ್ಲ ಅಪ್ಪ. ಒಂಬತ್ತು ವರ್ಸದ್ಲಿಂದ ನಾವು ಅಡುಗೆ ಮಾಡಿದ್ದು ನಿಮ್ಮ ಲೆಕ್ಕ, ಚಿಕ್ಕಪ್ಪನ ಲೆಕ್ಕ ಎರಡೂ ಸೇರಿಸಿ. ನಾನು ಒಂದರೊಳಗೊಂದು ಇಟ್ಟೆ, ಅಷ್ಟೇ ಕಣಪ್ಪ. ಅರಕಲಗೂಡ್ನಾಗೆ ನಿಮ್ಮ ಮಾನ ಉಳಿಸಿದ್ದು ಅವ್ರೂವೆ."

ಆದಿರಾಜಯ್ಯ ಮಣೆಯ ಮೇಲೆ ಮೆಲ್ಲಗೆ ಕೂತುಬಿಟ್ಟರು. ಅಪ್ಪನಿಗೆ ಎದುರಾಡಿದ ಮೇಲೂ ಮರುದೇವಿಯ ಬುದ್ಧಿ ನೆಟ್ಟಗಿತ್ತು. ಅಂದು ತೊಂಬತ್ತೆರಡು ಬಂದದ್ದು ಸರದಿ ತಪ್ಪಿ, ಇಂದು ಬಂದದ್ದು ಸರದಿಯಲ್ಲಿ. ಉತ್ತರ ಒಂದೇ ಇದ್ದ ಮಾತ್ರಕ್ಕೆ ಲೆಕ್ಕ ಒಂದೇ ಆಗುವುದಿಲ್ಲ. ಯಜಮಾನಿ ತಾನು ಎಂದಮೇಲೆ ಹೊಣೆಯೂ ತನ್ನದೇ. ಬೆಳಿಗ್ಗೆ ತೊಂಬತ್ತೆರಡು ಸೇರು ಅಳೆಯಲು ಜೀವಂಧರನಿಗೆ ಹೇಳಿದಳು. ಅವನು ಒಂದು ಮಾತೂ ಕೇಳದೆ ಸೌದೆ ಹೆಚ್ಚಿಗೆ ಸೀಳಿಕೊಂಡ.

ಮರುದಿನ ಮಧ್ಯಾಹ್ನದವರೆಗೆ ಹೇಳಿದ ಮನೆಯವರೇ ಬಂದರು. ಮೂರು ಪಂಕ್ತಿಗಳಲ್ಲಿ ಅವರ ಊಟ ಮುಗಿಯಿತು. ಕೊಪ್ಪರಿಗೆಗಳು ಅರ್ಧ ಬರಿದಾದವು, ಅರ್ಧ ಹಾಗೇ ಇದ್ದವು. ಆಮೇಲೆ ಬಯಲು ಖಾಲಿ. ಒಂದು ಕಾಗೆ ಬಂತು, ಎರಡು ನಾಯಿ ಬಂದವು. ಹೊರಗೆ ಬಿಸಿಲು ಪಶ್ಚಿಮಕ್ಕೆ ವಾಲುತ್ತಿತ್ತು. ಮುಚ್ಚಿದ ನಾಲ್ಕು ಕೊಪ್ಪರಿಗೆಗಳ ಪಕ್ಕದಲ್ಲಿ ಆದಿರಾಜಯ್ಯ ಕಣ್ಣುಮುಚ್ಚಿ ಕೂತಿದ್ದರು. ಹಿರಿಮನೆಯ ಯಜಮಾನರು ಎರಡು ಸಲ ಬಂದು ಇಣುಕಿ ಹೋದರು, ಎರಡನೆಯ ಸಲ ಗಂಟಲು ಸರಿಮಾಡಿಕೊಂಡರು. ಮರುದೇವಿ ಅವರಿಗೆ ಕಾಣುವ ಹಾಗೆ ಹೊಸ ಎಲೆಗಳನ್ನು ಒರೆಸಿ ಹಾಕತೊಡಗಿದಳು. ನಾಗಕುಮಾರ ದಾರಿಯ ತಿರುವಿನಲ್ಲಿ ಒಂಟಿಯಾಗಿ ನಿಂತಿದ್ದ. ಹತ್ತಿರ ಹೋಗಿ ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಆಮೇಲೆ ಬಂದರು. ಮೊದಲು ಬಿಸಿಲಿಗೆ ಕೆಂಪಾದ ಒಂದು ಮುದುಕಿ, ಕೈಯಲ್ಲಿ ಊರುಗೋಲು ಬಿಟ್ಟರೆ ಇನ್ನೇನಿಲ್ಲ. ಅವಳ ಹಿಂದೆ ಹತ್ತು ಜನ, ಅವರ ಹಿಂದೆ ಬೀದಿ ತುಂಬ ಜನ. ಬೆಟ್ಟ ಇಳಿದು, ಬಸದಿ ನೋಡಿ, ಹಸಿದು ಬಂದವರು. ಯಾರ ಭಾಷೆ ಯಾರಿಗೂ ಬರುತ್ತಿರಲಿಲ್ಲ, ಎಲೆಯ ಮುಂದೆ ಕೂರುವುದು ಎಲ್ಲರಿಗೂ ಬರುತ್ತಿತ್ತು. ಹೊತ್ತು ಮುಳುಗುವ ಮುಂಚೆ ಏಳಬೇಕೆಂದು ಬಡಿಸುವವರು ಓಡಿ ಓಡಿ ಬಡಿಸಿದರು. ಮುಚ್ಚಳಗಳು ಒಂದೊಂದಾಗಿ ತೆರೆದವು. ಕೊನೆಯ ಕೊಪ್ಪರಿಗೆಯ ಮುಚ್ಚಳವನ್ನು ಮರುದೇವಿಯೇ ತೆರೆದಳು. ಕೊನೆಯ ಪಂಕ್ತಿ ಎದ್ದಾಗ ಅದರ ತಳದಲ್ಲಿ ಕೆಲಸದವರಿಗೆ ಸಾಕಾಗುವಷ್ಟು ಅನ್ನ ಇತ್ತು, ಬಿಸಿಲು ಬಸದಿಯ ಗೋಡೆಯ ಮೇಲೆ ಇನ್ನೂ ಒಂದು ಗೇಣು ಇತ್ತು.

ಹಿರಿಮನೆಯ ಯಜಮಾನರು ಬಂದು ಮರುದೇವಿಗೆ ಕೈಮುಗಿದರು. ನಿನ್ನ ಲೆಕ್ಕ ದೊಡ್ಡದಮ್ಮ ಎಂದರು. ಅವಳು ಎಲ್ಲರಿಗೂ ಕೇಳುವ ಹಾಗೆ, ಇದು ನಮ್ಮ ಅಪ್ಪನ ಲೆಕ್ಕ, ಚಿಕ್ಕಪ್ಪ ನಾಗಕುಮಾರಯ್ಯನವರ ಲೆಕ್ಕ ಎಂದಳು. ಹಾಗೆ ಹೇಳಿದಾಗ ತನ್ನದೇನೋ ಕಡಿಮೆಯಾಯಿತು ಎಂದು ಅವಳಿಗೆ ಅನ್ನಿಸಲಿಲ್ಲ. ಬೆನ್ನು ಹಗುರಾಯಿತು.

ಹೊತ್ತು ಬಹಳ ಇರಲಿಲ್ಲ. ಅಡುಗೆಯವರೆಲ್ಲ ಬೇಗ ಬೇಗ ಎಲೆ ಹಾಕಿಕೊಂಡು ಕೂತರು. ದಾರಿಯಿಂದ ಬಂದ ನಾಗಕುಮಾರ ಕಾಲು ತೊಳೆದು, ಎಲ್ಲಿ ಕೂರಬೇಕೆಂದು ತಿಳಿಯದೆ ಕಂಬದ ಹತ್ತಿರ ನಿಂತ. ಮರುದೇವಿ ಅಪ್ಪನ ಪಕ್ಕದಲ್ಲಿ ಒಂದು ಎಲೆ ಹಾಕಿದಳು. ಅವನು ಬಂದು ಕೂತ. ಆದಿರಾಜಯ್ಯ ತಲೆ ಎತ್ತಲಿಲ್ಲ. ಇಬ್ಬರೂ ತಮ್ಮ ತಮ್ಮ ಎಲೆ ನೋಡಿಕೊಂಡು ಉಣ್ಣತೊಡಗಿದರು. ಮರುದೇವಿ ಕೊನೆಯ ಸೌಟು ಅನ್ನ ಹಿಡಿದು ಬಂದು ಅಪ್ಪನ ಎಲೆಯ ಮೇಲೆ ಬಗ್ಗಿದಳು. ಆದಿರಾಜಯ್ಯ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದರು.

"ನಂಗೆ ಸಾಕು. ಅವ್ನಿಗಾಕು. ಬೆಳಿಗ್ಗೆಯಿಂದ ಬಿಸಿಲಾಗೆ ನಿಂತವ್ನೆ, ಏನೂ ತಿಂದಿಲ್ಲ."